ಪ್ರತಿಕ್ರಿಯೆ: ನೆರೆ ಬಂದ ಊರಿನ ಶಾಲೆ ನಮ್ಮ ನೋಟ್‌ಬುಕ್ ಬೇಡ ಅಂದಿದೆ, ಏನು ಮಾಡೋಣ?

ಬಹುಶಃ ಅಲ್ಲಿ ನೋಟ್‌ಬುಕ್, ಬ್ಯಾಗ್ ಆಗಲೇ ರಾಶಿ ಬಿದ್ದಿವೆ. 2019ರಲ್ಲಿ ಮಲಪ್ರಭೆ ಉಕ್ಕಿದ ಮೇಲೆ ನಾವು ಹೋದ ಶಾಲೆಯಲ್ಲೂ ಹಾಗೇ ಆಗಿತ್ತು. ಸರ್ಕಾರಿ ಶಾಲೆಗೆ ಪಠ್ಯಪುಸ್ತಕ, ಸಮವಸ್ತ್ರ ಹೇಗೂ ಬರುತ್ತದೆ ಅಲ್ವಾ.

ಮೊದಲು ಹೆಡ್‌ಮಾಸ್ತರರನ್ನೂ ಎಸ್‌ಡಿಎಂಸಿ (ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿ) ಅಧ್ಯಕ್ಷರನ್ನೂ ಒಟ್ಟಿಗೆ ಕೂರಿಸಿಕೊಂಡು ಏನು ಬೇಕು ಅಂತ ಬರೆಸಿಕೊಳ್ಳಿ. ಊರು ಸ್ಥಳಾಂತರ ಆಗುತ್ತಾ ಅಂತಲೂ ಕೇಳಿ, ಆಗುವುದಾದರೆ ಹಳೇ ಕಟ್ಟಡಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ. ಆಮೇಲೆ ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಪತ್ರ ಕೊಡಿ. ಹಣ ಕೊಡುವುದಾದರೆ ಚೆಕ್‌ನಲ್ಲೇ ಶಾಲೆಯ ಖಾತೆಗೆ ಹಾಕಿ ರಸೀದಿ ತಗೊಳ್ಳಿ.

ನನ್ನ ಕೇಳಿದರೆ ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳಿಗೆ ಜಾಸ್ತಿ ನೆರವು ಕೊಡಿ. ಬೆಳೆ ಹೋದ ಮನೆಯವರು ಗುಳೆ ಹೊರಟರೆ ಮೊದಲು ಶಾಲೆ ಬಿಡುವವರು ಈ ದೊಡ್ಡ ಮಕ್ಕಳೇ. ಬಸ್ ಪಾಸ್, ಪರೀಕ್ಷಾ ಶುಲ್ಕ, ಊರಿನ ಡಿಗ್ರಿ ಹುಡುಗ ಹುಡುಗಿಯರಿಗೆ ಸಂಬಳ ಕೊಟ್ಟು ಸಂಜೆ ಪಾಠ, ಇಷ್ಟಾದರೂ ಮಾಡಿ. ನೋಟ್‌ಬುಕ್ ಜೂನ್‌ವರೆಗೆ ಇಟ್ಟುಕೊಂಡಿರಿ, ಆಗ ಬೇಕಾಗುತ್ತದೆ.