ಒಂದೇ ಮೈಕ್ರೋಸ್ಕೋಪ್ ಇಟ್ಟುಕೊಂಡು ಜೀವಕೋಶದ ಪಾಠ ಮಾಡುವುದು ಹೇಗೆ?

9ನೇ ತರಗತಿಯಲ್ಲಿ 50 ಮಕ್ಕಳಿದ್ದಾರೆ, ಲ್ಯಾಬಿನಲ್ಲಿ ಒಂದೇ ಮೈಕ್ರೋಸ್ಕೋಪ್ ಇದೆ, ಈರುಳ್ಳಿ ಪೊರೆ ತೋರಿಸಬೇಕಾ ಅಥವಾ ಬೋರ್ಡ್ ಮೇಲೆ ಚಿತ್ರ ಬರೆದರೆ ಸಾಕಾ ಎಂದು ಕೇಳಿದ್ದೀರಿ. ಖಂಡಿತ ತೋರಿಸಿ. ನಾನೂ ಹೈಸ್ಕೂಲ್ ವಿಜ್ಞಾನ ಶಿಕ್ಷಕ. ಚಿತ್ರಕ್ಕಿಂತ ಮೊದಲು ಕೋಶವನ್ನೇ ನೋಡಿದ ಮಕ್ಕಳು ಕೇಳುವ ಪ್ರಶ್ನೆಗಳೇ ಬೇರೆ.

ಎರಡು ಪೀರಿಯಡ್ ಒಟ್ಟಿಗೆ ತೆಗೆದುಕೊಳ್ಳಿ. ಈರುಳ್ಳಿಯ ದಪ್ಪ ಪದರವೊಂದನ್ನು ಮುರಿದರೆ ಒಳಮೈಯಿಂದ ತೆಳು ಪೊರೆ ಎದ್ದು ಬರುತ್ತದೆ. ತಕ್ಷಣ ನೀರಿಗೆ ಹಾಕಿ, ಇಲ್ಲದಿದ್ದರೆ ಸುರುಳಿ ಸುತ್ತಿಕೊಳ್ಳುತ್ತದೆ. ಸ್ಲೈಡ್ ಮೇಲೆ ಹರಡಿ, ಒಂದು ಹನಿ ಅಯೋಡಿನ್ ಬಿಟ್ಟು, ಕವರ್ ಸ್ಲಿಪ್ಪನ್ನು ಸೂಜಿಯ ಆಸರೆಯಲ್ಲಿ ಓರೆಯಾಗಿ ಇಳಿಸಿ. ಬ್ಲೇಡ್ ಮಾತ್ರ ನಿಮ್ಮ ಕೈಯಲ್ಲೇ ಇರಲಿ, ಉಳಿದದ್ದು ಮಕ್ಕಳು ಮಾಡಲಿ. ಒಬ್ಬರು ನೋಡುತ್ತಿರುವಾಗ ಇನ್ನೊಂದು ಗುಂಪು ಸ್ಲೈಡ್ ಮಾಡುತ್ತಿದ್ದರೆ ಗಲಾಟೆ ಇರುವುದಿಲ್ಲ. 100 ಪಟ್ಟು ದೊಡ್ಡದಾಗಿ ಕಂಡರೆ ಸಾಕು. ಕನ್ನಡಿ ಇರುವ ಮೈಕ್ರೋಸ್ಕೋಪ್ ಆದರೆ ಕಿಟಕಿ ಹತ್ತಿರ ಇಡಿ, ಆದರೆ ನೇರ ಬಿಸಿಲು ಕನ್ನಡಿಗೆ ಬೀಳಬಾರದು, ಕಣ್ಣಿಗೆ ಅಪಾಯ.

ಗಾಳಿಗುಳ್ಳೆ ಇರುವ ಒಂದು ಸ್ಲೈಡನ್ನು ಬೇಕಂತಲೇ ಮೊದಲು ತೋರಿಸಿ. ದಪ್ಪ ಕಪ್ಪು ಅಂಚಿನ ದುಂಡನೆಯ ಗುಳ್ಳೆಯನ್ನೇ ಕೋಶ ಅಂದುಕೊಂಡು ಚೆಂದವಾಗಿ ಬರೆಯುವ ಮಕ್ಕಳು ಪ್ರತಿ ವರ್ಷ ಸಿಗುತ್ತಾರೆ.

ಇನ್ನು ಚಿತ್ರದ ವಿಷಯ. ನನಗೆ ಇದೇ ಪಾಠದ ಜೀವಾಳ. ಪುಸ್ತಕ ಮುಚ್ಚಿಸಿ, ಕಂಡದ್ದನ್ನು ಮಾತ್ರ ಬರೆಯಲು ಹೇಳಿ. ಪುಸ್ತಕ ತೆರೆದಿದ್ದರೆ ಈರುಳ್ಳಿ ಪೊರೆ ನೋಡಿ ಬಂದವರೂ ಕೋಶದೊಳಗಿನ ಅತಿ ಚಿಕ್ಕ ಭಾಗವಾದ ಮೈಟೋಕಾಂಡ್ರಿಯಾ ಬರೆದುಬಿಡುತ್ತಾರೆ. ಶಾಲೆಯ ಮೈಕ್ರೋಸ್ಕೋಪಿನಲ್ಲಿ ಅದು ಕಾಣುವುದೇ ಇಲ್ಲ! 'ನಿನಗೆ ಎಲ್ಲಿ ಕಾಣಿಸಿತು, ತೋರಿಸು' ಎಂದು ಪ್ರೀತಿಯಿಂದಲೇ ಕೇಳಿ. ಕಂಡದ್ದನ್ನೇ ಬರೆದ ಮಗು ಬಂದು, 'ಸರ್, ಕೋಶಕೇಂದ್ರ ನಡುವೆ ಇಲ್ಲ, ಗೋಡೆಗೆ ಅಂಟಿಕೊಂಡಿದೆಯಲ್ಲ, ಯಾಕೆ?' ಅನ್ನುತ್ತದೆ. ರಸ ತುಂಬಿದ ಚೀಲದಂಥ ದೊಡ್ಡ ರಸದಾನಿಯೊಂದು ಕೋಶದ ಬಹುಪಾಲು ಜಾಗ ಹಿಡಿದು ಅದನ್ನು ಪಕ್ಕಕ್ಕೆ ತಳ್ಳಿರುತ್ತದೆ ಎಂದು ಆಗ ಹೇಳಿದರೆ ಆ ಮಾತು ಮರೆಯುವುದಿಲ್ಲ. ಗಿಡದ ಕೋಶ ಆದರೂ ಹಸಿರು ಯಾಕಿಲ್ಲ ಅಂತಲೂ ಕೇಳುತ್ತಾರೆ. ಈರುಳ್ಳಿ ಬೆಳೆಯುವುದು ಮಣ್ಣಿನೊಳಗೆ, ಬೆಳಕಿಲ್ಲದ ಕಡೆ ಅಲ್ವಾ? ಉತ್ತರವನ್ನು ಅವರೇ ಹುಡುಕಲಿ.

ಎರಡನೇ ಪೀರಿಯಡ್‌ಗೆ ರಿಯೋ ಗಿಡದ ಎಲೆ ತನ್ನಿ. ನರ್ಸರಿಯಲ್ಲಿ ಸಿಗುತ್ತದೆ, ಎಲೆಯ ಮೇಲ್ಭಾಗ ಹಸಿರು, ಕೆಳಭಾಗ ನೇರಳೆ. ಕೆಳಗಿನ ಪೊರೆ ಎಳೆದು ನೀರಿನಲ್ಲಿ ನೋಡಿದರೆ ಕೋಶದ ತುಂಬ ನೇರಳೆ ಬಣ್ಣ. ಅದಕ್ಕೆ ಗಟ್ಟಿ ಉಪ್ಪುನೀರು ಬಿಡಿ. ನೋಡನೋಡುತ್ತ ಆ ಬಣ್ಣ ಗೋಡೆಯಿಂದ ಸರಿದು ಒಳಗೆ ಮುದುಡುತ್ತದೆ. ಉಪ್ಪು ಹಾಕಿದ ಮಾವಿನಕಾಯಿ ಹೋಳು ನೀರು ಬಿಡುವ ಹಾಗೆಯೇ ಇದು. ಕೋಶದ ಗೋಡೆ ಬೇರೆ, ಅದರೊಳಗಿನ ಕೋಶಪೊರೆ ಬೇರೆ ಎಂದು ಎಷ್ಟು ಸಲ ಬಾಯಲ್ಲಿ ಹೇಳಿದರೂ ತಲೆಗೆ ಹತ್ತದ್ದು ಇಲ್ಲಿ ಕಣ್ಣಿಗೇ ಕಾಣುತ್ತದೆ. ಕುದಿಸಿದ ಎಲೆಯಲ್ಲಿ ಕೋಶಗಳು ಸತ್ತಿರುವುದರಿಂದ ಇದು ನಡೆಯುವುದಿಲ್ಲ, ಅದನ್ನೂ ತೋರಿಸಿ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ಚೂರಿನಲ್ಲಿ ನೋಡಿದ್ದು ಸತ್ತ ಕೋಶಗಳ ಗೋಡೆಗಳನ್ನು ಮಾತ್ರ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ.

ರಿಯೋ ಸಿಗದಿದ್ದರೆ ಕೆಂಪು ಈರುಳ್ಳಿಯೇ ಸಾಕು. ಆದರೆ ಒಳಗಿನ ಬಿಳಿ ಪೊರೆ ಬೇಡ, ದಪ್ಪ ಪದರದ ಹೊರಮೈಯ ಬಣ್ಣದ ಪೊರೆ ಬೇಕು. ಬಿಡಿಸುವುದು ಸ್ವಲ್ಪ ಕಷ್ಟ, ಹಿಂದಿನ ದಿನವೇ ಕೈ ಪಳಗಿಸಿಕೊಳ್ಳಿ.