ಸಿಂಗಪುರದಲ್ಲಿ ಒಂಬತ್ತು ಗಂಟೆ, ಜೇಬಲ್ಲಿ ಡಾಲರ್ ಇಲ್ಲ

ಹೆಂಡತಿ ಜೊತೆ ಮೆಲ್ಬೋರ್ನ್‌ಗೆ ಹೋಗುವಾಗ, ವಿಮಾನ ಬದಲಿಸುವ ಮಧ್ಯೆ ಸಿಗುವ ಒಂಬತ್ತು ಗಂಟೆಗಳಲ್ಲಿ, ಡಾಲರ್ ಬದಲಿಸದೆ ಸಿಂಗಪುರ ನೋಡಬಹುದಾ ಅಂತ ಕೇಳಿದ್ದೀರಿ. ಆರಾಮಾಗಿ ನೋಡಬಹುದು. ಆದರೆ ಅರ್ಧ ಕೆಲಸ ಬೆಳಗಾವಿಯಲ್ಲೇ ಮುಗಿಸಿ. 2020ರ ಆರ್‌ಬಿಐ ನಿಯಮದಂತೆ ಹೊಸ ಕಾರ್ಡ್‌ಗಳಲ್ಲಿ ವಿದೇಶಿ ಬಳಕೆ ಆಫ್ ಇರುತ್ತದೆ. ಬ್ಯಾಂಕ್ ಆಪ್‌ನಲ್ಲಿ ಅದನ್ನೂ ಕಾಂಟ್ಯಾಕ್ಟ್‌ಲೆಸ್ಸನ್ನೂ (ಕಾರ್ಡ್ ತಾಗಿಸಿ ಹಣ ಕೊಡೋದು) ಆನ್ ಮಾಡಿ. ಖಡೇಬಜಾರಿನ ಯಾವುದಾದರೂ ಅಂಗಡಿಯಲ್ಲಿ ಒಮ್ಮೆ ಟ್ಯಾಪ್ ಮಾಡಿ ನೋಡಿ.

ಸಿಂಗಪುರದ ಚಾಂಗಿ ಏರ್‌ಪೋರ್ಟಿನ ಮೆಟ್ರೋ ಗೇಟಿಗೆ ಅದೇ ವೀಸಾ ಅಥವಾ ಮಾಸ್ಟರ್‌ಕಾರ್ಡ್ ತಾಗಿಸಿದರೆ ಸಾಕು. ವಿದೇಶಿ ಕಾರ್ಡ್ ಅಂತ ದಿನಕ್ಕೆ 60 ಸೆಂಟ್ ಜಾಸ್ತಿ ಹಿಡಿಯುತ್ತಾರೆ, ಅಷ್ಟೇ. ಒಂದೇ ಕಾರ್ಡಲ್ಲಿ ಇಬ್ಬರು ಹೋಗೋಕಾಗಲ್ಲ, ನಿಮ್ಮ ಹೆಂಡತಿಗೆ ಬೇರೆ ಕಾರ್ಡ್ ಇರಲಿ. ಅಂಗಡಿ ಮೆಷಿನ್ ರೂಪಾಯಿಯಲ್ಲಿ ಕೊಡ್ತೀರಾ ಅಂತ ಕೇಳಿದರೆ ಬೇಡ ಅನ್ನಿ, ಸುಮ್ನೆ ದುಬಾರಿ. ಸಿಂಹದ ತಲೆ, ಮೀನಿನ ಮೈಯ ಮರ್ಲಯನ್ ಪ್ರತಿಮೆ ನೋಡೋಕೆ ದುಡ್ಡು ಕೊಡಬೇಕಿಲ್ಲ. ಏರ್‌ಪೋರ್ಟಿನಿಂದ ಹೊರಗೆ ಹೋಗೋಕೆ ಸಿಂಗಪುರದ ವೀಸಾ ಇದೆ ಅಲ್ವಾ?