ಜಿಆರ್‌ಇ ಪದಪಟ್ಟಿ ಬಾಯಿಪಾಠ ಮಾಡಿದರೂ ವಾರದಲ್ಲಿ ಮರೆತುಹೋಗುತ್ತದೆ, ಏನು ಮಾಡಲಿ?

ವಿದೇಶದ ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ ಜಿಆರ್‌ಇ ಪರೀಕ್ಷೆಗೆ ಮೂರು ತಿಂಗಳಿದೆ, ಕೈಯಲ್ಲಿ 3,000 ಪದಗಳ ಪಟ್ಟಿ ಇದೆ, ದಿನಕ್ಕೆ 50ರಂತೆ ಪಕ್ಕದಲ್ಲಿ ಕನ್ನಡ ಅರ್ಥ ಬರೆದು ಉರು ಹೊಡೆಯುತ್ತಿದ್ದೀರಿ. ವಾರ ಕಳೆದರೆ ಅರ್ಧ ಮರೆತಿರುತ್ತದೆ, ನೆನಪಿದ್ದ ಪದವೂ ಪ್ರಶ್ನೆಯಲ್ಲಿ ಕೈಕೊಡುತ್ತದೆ ಅಂತ ಬರೆದಿದ್ದೀರಿ. ಇವು ಎರಡು ಬೇರೆ ಕಾಯಿಲೆಗಳು, ಮದ್ದೂ ಬೇರೆ. ಎರಡನೆಯದೇ ದೊಡ್ಡದು, ಅದನ್ನು ಮೊದಲು ನೋಡೋಣ.

ಜಿಆರ್‌ಇ ಈಗ ಪದದ ಅರ್ಥವನ್ನು ನೇರವಾಗಿ ಕೇಳುವುದಿಲ್ಲ. ವಿರುದ್ಧಪದ, ಅನಾಲಜಿ (ಪದಜೋಡಿಗಳ ಸಂಬಂಧ ಹೋಲಿಸುವ) ಪ್ರಶ್ನೆಗಳನ್ನು 2011ರಲ್ಲೇ ಕೈಬಿಟ್ಟರು. ದೊಡ್ಡ ಪಟ್ಟಿಗಳ ಮೇಲಿನ ಮೋಹ ಮಾತ್ರ ಇನ್ನೂ ಹೋಗಿಲ್ಲ. ಈಗ ಇಂಗ್ಲಿಷ್ ಭಾಷೆಯ ಭಾಗವಾದ ವರ್ಬಲ್‌ನಲ್ಲಿ ಒಟ್ಟು 27 ಪ್ರಶ್ನೆ: ಮೊದಲ ಸೆಕ್ಷನ್‌ನಲ್ಲಿ 18 ನಿಮಿಷಕ್ಕೆ 12, ಎರಡನೆಯದರಲ್ಲಿ 23 ನಿಮಿಷಕ್ಕೆ 15. ಸುಮಾರು ಅರ್ಧದಷ್ಟು ಪ್ರಶ್ನೆಗಳು ಬಿಟ್ಟ ಸ್ಥಳ ತುಂಬುವಂಥವು. ಮೂರು ಖಾಲಿ ಜಾಗವಿದ್ದರೆ ಮೂರೂ ಸರಿಯಿರಬೇಕು, ಎರಡು ಸರಿ ಮಾಡಿದ್ದಕ್ಕೆ ಅಂಕವಿಲ್ಲ. ಹಾಗಾಗಿ 3,000 ಪದಗಳನ್ನು ಮಸುಕಾಗಿ ತಿಳಿದವರಿಗಿಂತ 900 ಪದಗಳನ್ನು ಸ್ಪಷ್ಟವಾಗಿ ತಿಳಿದವರದ್ದೇ ಮೇಲುಗೈ.

ಮಸುಕಾಗುವುದು ಎಲ್ಲಿ? ಒಂದೇ ಒಂದು ಕನ್ನಡ ಪದದಲ್ಲಿ ಅರ್ಥ ಬರೆದುಕೊಳ್ಳುವಲ್ಲಿ. ಟ್ಯಾಸಿಟರ್ನ್, ರೆಟಿಸೆಂಟ್, ಲಕಾನಿಕ್, ಟರ್ಸ್ ನಾಲ್ಕಕ್ಕೂ ನಿಮ್ಮ ಪಟ್ಟಿಯಲ್ಲಿ ‘ಮಿತಭಾಷಿ’ ಅಥವಾ ಅದರ ನೆಂಟನೇ ಇರುತ್ತದೆ. ಟ್ಯಾಸಿಟರ್ನ್ ಅಂದರೆ ಸ್ವಭಾವದಿಂದಲೇ ಮಾತು ಕಮ್ಮಿ. ರೆಟಿಸೆಂಟ್ ಅಂದರೆ ಒಳಗಿನದನ್ನು ಬಿಟ್ಟುಕೊಡಲು ಒಲ್ಲದವನು. ಊರ ವಿಷಯವೆಲ್ಲ ಗಂಟೆಗಟ್ಟಲೆ ಹರಟಿ, ತನ್ನ ವಿಷಯ ಬಂದಾಗ ಬಾಯಿಗೆ ಬೀಗ ಹಾಕುವವನೂ ರೆಟಿಸೆಂಟೇ. ಲಕಾನಿಕ್ ಮನುಷ್ಯ ಮಾತಾಡುತ್ತಾನೆ, ನಾಲ್ಕೇ ಮಾತಿನಲ್ಲಿ ಮುಗಿಸುತ್ತಾನೆ. ಟರ್ಸ್‌ನಲ್ಲಿ ಆ ಚುಟುಕುತನಕ್ಕೆ ಕೆಲವೊಮ್ಮೆ ಸಿಡುಕು ಸೇರಿರುತ್ತದೆ. ಪ್ರಶ್ನೆ ಹುಟ್ಟುವುದೇ ಈ ಸಂದಿಯಲ್ಲಿ.

ಹಾಗಂತ ಕನ್ನಡ ಬಿಡಬೇಡಿ. ಛಲಕ್ಕೂ ಹಠಕ್ಕೂ ಇರುವ ಅಂತರ ನಿಮಗೆ ಯಾರೂ ಕಲಿಸಬೇಕಿಲ್ಲ. ಟೆನೇಶಸ್ ಮತ್ತು ಆಬ್ಸ್ಟಿನೇಟ್ ನಡುವೆ ಇರುವುದು ಬಹುಮಟ್ಟಿಗೆ ಅದೇ. ಫ್ರೂಗಲ್ ಮಿತವ್ಯಯಿ, ಪಾರ್ಸಿಮೋನಿಯಸ್ ಜಿಪುಣ. ಕನ್ನಡದಲ್ಲಿ ಇಂಥ ಜೋಡಿ ಸಿಕ್ಕರೆ ಬಳಸಿ, ಸಿಗದಿದ್ದರೆ ಒಂದು ಸಾಲಿನಲ್ಲಿ ವಿವರಿಸಿ.

ಒಂದು ಕಾರ್ಡಿನ ಮುಂದೆ ಇಂಗ್ಲಿಷ್ ಪದವಿರುವ ವಾಕ್ಯ ಬರೆಯಿರಿ, ಬರೀ ಪದ ಬೇಡ. ಹಿಂದೆ ಮೂರು ವಿಷಯ: ಒಂದು ಸಾಲಿನ ಅರ್ಥ, ಹೊಗಳಿಕೆಯೋ ತೆಗಳಿಕೆಯೋ ಎರಡೂ ಅಲ್ಲವೋ ಎಂಬ ಗುರುತು, ಯಾವ ಪದದ ಜೊತೆ ಗೊಂದಲವಾಗಬಹುದು ಎಂಬುದು. ವಾಕ್ಯವನ್ನು ನಿಘಂಟಿನಿಂದಲೋ ಪತ್ರಿಕೆಯಿಂದಲೋ ತೆಗೆದುಕೊಳ್ಳಿ. ಅರ್ಥ ಇನ್ನೂ ಗಟ್ಟಿಯಾಗದೆ ಸ್ವಂತ ವಾಕ್ಯ ಕಟ್ಟಿದರೆ ತಪ್ಪು ಬಳಕೆಯೇ ಮನಸ್ಸಿನಲ್ಲಿ ಕೂತುಬಿಡುತ್ತದೆ.

ಇನ್ನು ಮರೆವಿನ ಲೆಕ್ಕ. ದಿನಕ್ಕೆ 15 ಹೊಸ ಪದದಂತೆ 60 ದಿನಕ್ಕೆ 900. ಉಳಿದ 30 ದಿನ ಹೊಸದು ಬೇಡ, ಪುನರಾವರ್ತನೆ ಮತ್ತು ಪ್ರಶ್ನೆಗಳು ಮಾತ್ರ. ಕಲಿತ ಪದವನ್ನು 1, 3, 7, 16, 35ನೇ ದಿನಗಳ ಆಸುಪಾಸಿನಲ್ಲಿ ಮತ್ತೆ ನೋಡಬೇಕು. ಆಂಕಿ ಎಂಬ ಆ್ಯಪ್ ಈ ಲೆಕ್ಕವನ್ನು ತಾನೇ ಇಡುತ್ತದೆ. ಕಾಗದವೇ ಇಷ್ಟವೆಂದರೆ ಐದು ಖಾನೆಯ ಪೆಟ್ಟಿಗೆ ಸಾಕು, ಗೊತ್ತಾದ ಕಾರ್ಡು ಮುಂದಿನ ಖಾನೆಗೆ, ತಪ್ಪಿದ್ದು ವಾಪಸ್ ಮೊದಲನೆಯದಕ್ಕೆ. ಹೊಸದು 15 ಇದ್ದರೂ ಐದು ವಾರದಲ್ಲಿ ಹಳೆಯವು ಸೇರಿ ದಿನಕ್ಕೆ ತೊಂಬತ್ತರ ಹತ್ತಿರ ಕಾರ್ಡುಗಳಾಗುತ್ತವೆ. 50ರ ಯೋಜನೆ ಮುರಿದು ಬೀಳುವುದು ಇಲ್ಲಿಯೇ. ಒಂದು ದಿನ ತಪ್ಪಿದರೆ ಮರುದಿನ ಹೊಸ ಪದ ಬಿಡಿ, ಹಳೆಯದನ್ನು ಬಿಡಬೇಡಿ. ಎಂಟು ಸಲ ತಪ್ಪಿದ ಕಾರ್ಡಿಗೆ ಆಂಕಿ ತಾನಾಗಿ ಗುರುತು ಹಾಕುತ್ತದೆ, ಅದಕ್ಕೆ ‘ಜಿಗಣೆ’ ಎಂದೇ ಹೆಸರು. ರಕ್ತ ಹೀರುವುದು ನಿಜ. ಅಂಥದ್ದನ್ನು ಮತ್ತೆ ಉಜ್ಜಬೇಡಿ, ವಾಕ್ಯ ಬದಲಿಸಿ ಹೊಸ ಕಾರ್ಡು ಮಾಡಿ.

ಪಟ್ಟಿಯಲ್ಲಿ ‘ಇದು ಗೊತ್ತು’ ಎಂದು ದಾಟಿಹೋಗುವ ಪದಗಳೇ ಹೆಚ್ಚು ಅಪಾಯ. ಸಾಲ ಸ್ಯಾಂಕ್ಷನ್ ಆಯಿತು ಅಂದರೆ ಮಂಜೂರಾತಿ, ದೇಶವೊಂದರ ಮೇಲೆ ಸ್ಯಾಂಕ್ಷನ್ ಅಂದರೆ ನಿರ್ಬಂಧ. ಕ್ವಾಲಿಫೈ ಅಂದರೆ ಹೇಳಿದ ಮಾತಿಗೆ ಮಿತಿ ಹಾಕುವುದೂ ಹೌದು. ಫ್ಲ್ಯಾಗ್ ಅಂದರೆ ಸೊರಗು, ಅರೆಸ್ಟ್ ಅಂದರೆ ತಡೆ, ವಾಂಟ್ ಅಂದರೆ ಕೊರತೆ, ಪೆಡೆಸ್ಟ್ರಿಯನ್ ಅಂದರೆ ಸಪ್ಪೆ, ಕ್ಯಾಥೊಲಿಕ್ ಅಂದರೆ ವಿಶಾಲ ಅಭಿರುಚಿಯ. ರೂಪ ನೋಡಿ ಮೋಸ ಹೋಗುವಂಥವೂ ಇವೆ: ಎನರ್ವೇಟ್ ಎನರ್ಜಿ ಕೊಡುವುದಿಲ್ಲ, ಹೀರುತ್ತದೆ, ನಾಯ್ಸಮ್‌ನಲ್ಲಿ ಸದ್ದಿಲ್ಲ, ದುರ್ನಾತವಿದೆ, ರೆಸ್ಟಿವ್ ಚಡಪಡಿಕೆ, ವಿಶ್ರಾಂತಿಯಲ್ಲ. ವೀನಲ್ (ಲಂಚಕ್ಕೆ ಬಾಗುವ) ಮತ್ತು ವೀನಿಯಲ್ (ಕ್ಷಮಿಸಬಹುದಾದ) ಥರದ ಅವಳಿಗಳನ್ನು ಒಂದೇ ದಿನ ಕಲಿಯಬೇಡಿ, ಎರಡೂ ಕಲಸಿಹೋಗುತ್ತವೆ. ಒಂದು ಗಟ್ಟಿಯಾದ ಮೇಲೆ ಇನ್ನೊಂದು.

ಲ್ಯಾಟಿನ್ ಮೂಲಗಳು ನೆನಪಿಗೆ ಕೊಕ್ಕೆಯಾಗಿ ಒಳ್ಳೆಯವು, ಊಹೆಗೆ ಅಲ್ಲ. ‘ಇನ್’ ಎಂದರೆ ನಕಾರ ಎಂದುಕೊಂಡವರು ಇನ್‌ವ್ಯಾಲ್ಯುಅಬಲ್ ಅನ್ನು ಬೆಲೆಯಿಲ್ಲದ್ದು ಅಂದುಕೊಳ್ಳುತ್ತಾರೆ, ನಿಜವಾದ ಅರ್ಥ ಬೆಲೆ ಕಟ್ಟಲಾಗದಷ್ಟು ಅಮೂಲ್ಯ.

ಮೂರನೇ ವಾರದಿಂದ ದಿನಕ್ಕೆ 10 ಪ್ರಶ್ನೆ ಬಿಡಿಸಿ. ಆಯ್ಕೆಗಳನ್ನು ಕೈಯಿಂದ ಮುಚ್ಚಿ, ಆಲ್ದೋ, ಇನ್‌ಡೀಡ್, ಫಾರ್ ಫ್ರಮ್ ಥರದ, ವಾಕ್ಯದ ದಿಕ್ಕು ತೋರುವ ಪದಗಳನ್ನು ಗುರುತಿಸಿ, ಖಾಲಿ ಜಾಗಕ್ಕೆ ಮೊದಲು ನಿಮ್ಮದೇ ಪದ ಹಾಕಿ, ಕನ್ನಡದ್ದಾದರೂ ಸರಿ. ಆಮೇಲೆ ಆಯ್ಕೆ ನೋಡಿ. ವಾಕ್ಯಕ್ಕೆ ಒಂದೇ ಅರ್ಥ ಕೊಡುವ ಎರಡು ಪದಗಳನ್ನು ಆರರಲ್ಲಿ ಆರಿಸುವ ಸೆಂಟೆನ್ಸ್ ಇಕ್ವಿವಲೆನ್ಸ್‌ನಲ್ಲಿ ಮೊದಲೇ ಸಮಾನಾರ್ಥಕ ಜೋಡಿ ಹುಡುಕಲು ಹೋದರೆ ವಾಕ್ಯಕ್ಕೆ ಹೊಂದದ ಜೋಡಿಯನ್ನೇ ಎತ್ತಿಕೊಳ್ಳುತ್ತೀರಿ. ಹೊಂದುವ ಪದಕ್ಕೆ ಜೊತೆಗಾರ ಸಿಗದಿದ್ದರೆ ಅದನ್ನೂ ಬಿಡಬೇಕು.

ತಪ್ಪಿದ ಪ್ರತಿ ಪ್ರಶ್ನೆಯ ಎದುರು ಕಾರಣ ಬರೆಯಿರಿ: ಪದ ಗೊತ್ತಿರಲಿಲ್ಲ, ಛಾಯೆ ತಪ್ಪಿತು, ವಾಕ್ಯವೇ ಅರ್ಥವಾಗಲಿಲ್ಲ. ಮೂರನೆಯದೇ ಹೆಚ್ಚಾದರೆ ಹೊಸ ಪದಗಳನ್ನು 15ರಿಂದ 8ಕ್ಕೆ ಇಳಿಸಿ, ಉಳಿದ ಸಮಯದಲ್ಲಿ ಉದ್ದನೆಯ ಇಂಗ್ಲಿಷ್ ಲೇಖನಗಳನ್ನು ನಿಧಾನವಾಗಿ ಓದಿ. ಆ ತಪ್ಪನ್ನು ಯಾವ ಕಾರ್ಡೂ ಸರಿಪಡಿಸುವುದಿಲ್ಲ.